ನೋಯದ ಒಂದು ಕಪ್ಪು ಗುರುತು

ಕಾಮರ್ಸ್ ಓದುವವಳಿಗೆ ರೋಗಾಣುವಿನ ಉಸಾಬರಿ ಏಕೆ ಎಂದು ಸೈನ್ಸ್ ವಿಭಾಗದ ಗೆಳತಿಯರು ನಗಬಹುದು. ನಗಲಿ. ಕಳೆದ ವರ್ಷ ಅಕ್ಟೋಬರ್‌ನಲ್ಲಿ ನನ್ನ ಖಾಲಾಗೆ ಬಂದ ಜ್ವರದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಬಿ.ಎಸ್ಸಿ. ಓದುವ ಅಣ್ಣ ಕೂಡ. ಅದಕ್ಕೇ ಬರೆಯುತ್ತಿದ್ದೇನೆ.

ಖಾಲಾ ಇರುವುದು ಕಂಪ್ಲಿಯಲ್ಲಿ. ತುಂಗಭದ್ರೆಯ ದಂಡೆಯ ಊರು. ಸುತ್ತ ಭತ್ತ, ಕಬ್ಬು, ಬಾಳೆ. ಅವರ ಮನೆಯಲ್ಲಿ ನಾಲ್ಕು ಆಡುಗಳಿದ್ದವು. ಅವಕ್ಕೆ ಹುಲ್ಲು ಕೊಯ್ಯಲು ದಿನಾ ಗದ್ದೆಯ ಬದುವಿಗೆ ಹೋಗುತ್ತಿದ್ದರು. ಮೊದಲು ಚಳಿ ಜ್ವರ, ತಲೆ ಸಿಡಿಯುವಂಥ ನೋವು. ಒಂದು ಕ್ಲಿನಿಕ್‌ನಲ್ಲಿ ರಕ್ತ ನೋಡಿ ಟೈಫಾಯಿಡ್ ಎಂದರು. ನಮ್ಮ ಕಡೆ ನಾಲ್ಕು ದಿನ ಬಿಡದ ಜ್ವರಕ್ಕೆಲ್ಲ ಅದೇ ಹೆಸರು. ಇಂಜೆಕ್ಷನ್ ಆಯಿತು, ಗ್ಲೂಕೋಸ್ ಬಾಟಲಿ ಏರಿಸಿದ್ದಾಯಿತು. ನಾನಿ ದುವಾ ಓದಿ ಊದಿದ ನೀರು ಕುಡಿಸಿದರು. ಎಂಟನೇ ದಿನ ಖಾಲಾಗೆ ಉಸಿರಾಡುವುದೇ ಕಷ್ಟವಾದಾಗ ಹೊಸಪೇಟೆಯ ಆಸ್ಪತ್ರೆಗೆ ಕರೆತಂದೆವು.

ಖಾಲಾಗೆ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಜ್ವರದ ಬಾಯಲ್ಲಿ ಬರೀ ಉರ್ದು. ಹಾಗಾಗಿ ನಾನು ನಡುವೆ ನಿಂತೆ. ಡಾಕ್ಟರ್ ಕೇಳಿದ ಎರಡನೇ ಪ್ರಶ್ನೆಯೇ, "ಹೊಲ ಗದ್ದೆಗೆ ಹೋಗ್ತಾರೇನಮ್ಮ? ಮೈಮೇಲೆ ಎಲ್ಲಾದ್ರೂ ಕಪ್ಪನೆ ಹಕ್ಕಳೆ ಕಟ್ಟೈತೇನು, ಕೇಳು." ಕೇಳಿದೆ. ಖಾಲಾ ಇಲ್ಲವೆಂದು ತಲೆ ಅಲ್ಲಾಡಿಸಿದರು. ಡಾಕ್ಟರ್ ಆಚೆ ತಿರುಗಿದ ಮೇಲೆ ನನ್ನ ಕೈ ಜಗ್ಗಿ ಕಿವಿಯಲ್ಲಿ, "ಮರದ್ ಡಾಕ್ಟರ್‌ಕು ಕೈಸಾ ಬತಾನಾ ಬೇಟಾ?" ಎಂದರು. ಗಂಡಸು ಡಾಕ್ಟರಿಗೆ ತೋರಿಸುವ ಜಾಗವಲ್ಲ ಅದು. ನಾನು ಸಿಸ್ಟರ್ ಹತ್ತಿರ ಹೋಗಿ ಹೇಳಿದೆ. ಅವರು ಅಬ್ಬಾನನ್ನು ಹೊರಗೆ ಕಳಿಸಿ, ಪರದೆ ಎಳೆದು ನೋಡಿದರು. ತೊಡೆಯ ಸಂದಿಯಲ್ಲಿ ಬೀಡಿಯಿಂದ ಸುಟ್ಟಂಥ ಗುರುತು. ನಡುವೆ ಕಪ್ಪು, ಸುತ್ತ ಕೆಂಪು. ನೋವಿಲ್ಲ, ತುರಿಕೆಯಿಲ್ಲ. ಒಣಗುತ್ತಿರುವ ಕುರು ಎಂದುಕೊಂಡು ಖಾಲಾ ಸುಮ್ಮನಿದ್ದರಂತೆ.

ಅದು ಸ್ಕ್ರಬ್ ಟೈಫಸ್. ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಆದರೆ ವರದಿಗೆ ಕಾಯದೆ ಅಂದು ಸಂಜೆಯೇ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಮೂರನೇ ದಿನ ಖಾಲಾ ಎದ್ದು ಕೂತು, ಆಸ್ಪತ್ರೆಯ ಚಹಾ ಸಪ್ಪೆ ಎಂದು ಗೊಣಗಿದರು.

ಟೈಫಸ್ ಬೇರೆ, ಟೈಫಾಯಿಡ್ ಬೇರೆ. ಟೈಫಾಯಿಡ್ ಎಂದರೆ 'ಟೈಫಸ್‌ನಂಥದ್ದು' ಎಂದಷ್ಟೇ ಅರ್ಥ. ಹೆಸರಿನ ನೆಂಟಸ್ತಿಕೆ ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ಟೈಫಾಯಿಡ್ ಬರುವುದು ಕೆಟ್ಟ ನೀರು, ಊಟದಿಂದ. ಇದು ಬರುವುದು ನುಸಿ ಜಾತಿಯ ಒಂದು ಹುಳುವಿನ ಮರಿ ಕಚ್ಚಿ. ಸೊಳ್ಳೆಯಲ್ಲ, ದನಕ್ಕೆ ಹತ್ತುವ ಉಣ್ಣೆಯ ದೂರದ ನೆಂಟ. ದೊಡ್ಡ ಹುಳು ಮಣ್ಣಲ್ಲೇ ಇರುತ್ತದೆ, ಯಾರನ್ನೂ ಕಚ್ಚುವುದಿಲ್ಲ. ಆರು ಕಾಲಿನ ಮರಿಗೆ ಮಾತ್ರ, ಅದೂ ಒಂದೇ ಸಲ, ಇಲಿಯದೋ ಮನುಷ್ಯನದೋ ಮೈ ಬೇಕು. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಚಿಕ್ಕದು. ಕಚ್ಚಿದ್ದು ತಿಳಿಯುವುದೇ ಇಲ್ಲ. ಜ್ವರ ಬರುವುದು ಸುಮಾರು ಹತ್ತು ದಿನ ಬಿಟ್ಟು. ತಾಯಿ ಹುಳುವಿನಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ರೋಗಾಣು ಆಸ್ತಿಯ ಹಾಗೆ ಇಳಿದು ಬರುತ್ತದೆ. ರೋಗಾಣುವಿನ ಹೆಸರು ಓರಿಯೆಂಟಿಯಾ ಸುಟ್ಸುಗಮುಶಿ. ಜಪಾನಿ ಭಾಷೆಯಲ್ಲಿ ಸುಟ್ಸುಗ ಎಂದರೆ ಕಾಯಿಲೆ, ಮುಶಿ ಎಂದರೆ ಹುಳು. ಇದು ನಮ್ಮ ಜೀವಕೋಶದ ಒಳಗೇ ಬಿಡಾರ ಹೂಡುತ್ತದೆ. ಟೈಫಾಯಿಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಇದರ ಮೇಲೆ ನಡೆಯುವುದಿಲ್ಲ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೂ ಪೆಟ್ಟು. ಹಾಗೆ ವಿಷಮಿಸಿದವರಿಗೆ ಡಾಕ್ಸಿಸೈಕ್ಲಿನ್ ಜೊತೆ ಅಜಿತ್ರೋಮೈಸಿನ್ ಕೂಡ ಕೊಟ್ಟರೆ ತೊಡಕು ಕಡಿಮೆ ಎಂದು ತೋರಿಸಿದ ಅಧ್ಯಯನ ನಮ್ಮ ದೇಶದ್ದೇ. ವೆಲ್ಲೂರಿನ ವೈದ್ಯರ ಮುಂದಾಳತ್ವದಲ್ಲಿ ಸುಮಾರು 800 ರೋಗಿಗಳ ಮೇಲೆ ನಡೆದು, 2023ರಲ್ಲಿ ಪ್ರಕಟವಾಯಿತು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಬಿಲ್‌ಗಳನ್ನೆಲ್ಲ ಕೂಡಿದೆ. ಕಂಪ್ಲಿಯ ಎಂಟು ದಿನಕ್ಕೆ 6,840 ರೂಪಾಯಿ. ಗುಣ ಮಾಡಿದ ಗುಳಿಗೆಗಳಿಗೆ ನೂರು ರೂಪಾಯಿಯೂ ಆಗಿರಲಿಲ್ಲ. ನಾಲ್ಕು ಆಡಿನಲ್ಲಿ ಎರಡು ಮಾರಿಹೋಗಿದ್ದವು. ಒಂದು ಗುರುತನ್ನು ಯಾರೂ ನೋಡದೇ ಹೋದದ್ದರ ಬೆಲೆ ಅದು. ಎಲ್ಲರಿಗೂ ಗುರುತು ಮೂಡುವುದಿಲ್ಲ, ನಿಜ. ಆದರೆ ಮೂಡುವ ಜಾಗ ನೋಡಿ: ಕಂಕುಳು, ಸೊಂಟ, ತೊಡೆಸಂದಿ, ಎದೆಯ ಕೆಳಗೆ. ನಮ್ಮ ಮನೆಗಳ ಹೆಂಗಸರು ಸಾಯುತ್ತೇನೆಂದರೂ ತೋರಿಸದ ಜಾಗಗಳೇ. ಬುರ್ಖಾ ಹಾಕಿದ್ದರೆ ಹುಳು ಕಚ್ಚುವುದಿಲ್ಲವಲ್ಲ ಎಂದು ತಮ್ಮ ಕೇಳಿದ. ಕಚ್ಚುತ್ತದೆ. ಕಾಲಿಂದ ಹತ್ತಿದ ಮರಿ ಬಟ್ಟೆ ಬಿಗಿಯಾದ ಕಡೆ ಹೋಗಿ ನಿಲ್ಲುತ್ತದೆ. ಕೇಳಲು ನಾಚಿಕೆ ಇಲ್ಲದ ಡಾಕ್ಟರ್ ಬೇಕು, ಪರದೆ ಎಳೆಯುವ ಸಿಸ್ಟರ್ ಬೇಕು. ಅದಕ್ಕೂ ಮೊದಲು ಮನೆಯಲ್ಲೇ ತಾಯಿಯೋ ಮಗಳೋ ನೋಡಬಹುದು.

ಇದು ಕಂಪ್ಲಿಗೆ ಮಾತ್ರ ಸೇರಿದ ಮಾತಲ್ಲ. ಸ್ಕ್ರಬ್ ಎಂದರೆ ಕುರುಚಲು ಪೊದೆ. ಅದು ಹಂಪಿಯ ಬಂಡೆಗಳ ನಡುವೆ ಇಲ್ಲವೇ? ಮಳೆ ಬಿದ್ದ ಮೇಲೆ ಸಂಡೂರಿನ ಗುಡ್ಡಗಳು ಹಸಿರಾದಾಗಲೇ ನಾವೆಲ್ಲ ಪಿಕ್ನಿಕ್‌ಗೆ ಹೊರಡುವುದು. ಹುಳುವಿನ ಸುಗ್ಗಿಯೂ ಆಗಲೇ. ಅಬ್ಬಾ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಾರೆ. ಸರತಿಯಲ್ಲಿ ಲಾರಿ ನಿಂತಾಗ ಹುಲ್ಲಿನ ಮೇಲೆ ಟವೆಲ್ ಹಾಸಿ ಮಲಗುತ್ತಿದ್ದವರು ಈಗ ಕ್ಯಾಬಿನ್‌ನಲ್ಲೇ ಮಲಗುತ್ತಾರೆ. ಮನೆಗೆ ಬಂದ ಕೂಡಲೇ ಸ್ನಾನ, ಬಟ್ಟೆ ನೇರ ಬಕೆಟ್ಟಿಗೆ.

ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಆದರೂ ಪಕ್ಕದ ಮನೆಯವರು ತಿಂಗಳು ಪೂರ್ತಿ ಖಾಲಾಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟರು. ಖಾಲಾ ಅದಕ್ಕೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಈಗ ಆ ಬೀದಿಯಲ್ಲಿ ಯಾವ ಹೆಂಗಸಿಗೆ ಜ್ವರ ಬಂದರೂ ಖಾಲಾ ಹೋಗಿ, ಗಂಡಸರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ ಗುರುತು ಹುಡುಕುತ್ತಾರೆ. ಇದುವರೆಗೆ ಸಿಕ್ಕಿದ್ದು ಸೊಳ್ಳೆ ಕಚ್ಚಿ ಕೆರೆದುಕೊಂಡ ಎರಡು ಗಾಯ, ಒಂದು ಹಳೆಯ ಮಚ್ಚೆ.