ಚಿಂದಿಯೊಳಗಿನ ಸಕ್ಕರೆ

ಧಾರಾವಿಯ ಕುಂಭಾರವಾಡದಲ್ಲಿ ಭಟ್ಟಿ ಹೊತ್ತಿತೆಂದರೆ ಸುತ್ತಲಿನ ಮನೆಗಳ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಸೌರಾಷ್ಟ್ರದಿಂದ ಬಂದ ಕುಂಬಾರರು ಇಲ್ಲಿ ತಲೆಮಾರುಗಳಿಂದ ಹಣತೆ, ಮಡಕೆ ಸುಡುತ್ತಿದ್ದಾರೆ. ಸೌದೆ ದುಬಾರಿ. ಹಾಗಾಗಿ ಉರಿಗೆ ಬೀಳುವುದು ಹೆಚ್ಚಾಗಿ ಹತ್ತಿಯ ಕಸ, ಬಟ್ಟೆಯ ಚಿಂದಿ.

ಕಲಬುರಗಿ ಕಡೆಯಿಂದ ಬಂದ ಒಬ್ಬ ತಾಯಿ ಹತ್ತಿರದ ಗಲ್ಲಿಯಲ್ಲಿ ಆ ಚಿಂದಿಯನ್ನು ಆರಿಸುವ ಕೆಲಸ ಮಾಡುತ್ತಾಳೆ. ಮಗಳು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಾಳೆ. ಒಂದು ಸಂಜೆ ಹೊಗೆಗೆ ಕೆಮ್ಮುತ್ತಿದ್ದ ತಾಯಿಗೆ ಅವಳು ಹೇಳಿದಳು: “ಯವ್ವಾ, ಅವ್ರು ಸುಡಾಕತ್ತಿದ್ದು ಸಕ್ಕರಿ.”

ತಾಯಿ ನಕ್ಕಳು. ಆದರೆ ಮಾತು ಸುಳ್ಳಲ್ಲ. ಹತ್ತಿಯ ನಾರಿನಲ್ಲಿ ನೂರಕ್ಕೆ 90ರಷ್ಟು ಸೆಲ್ಯುಲೋಸ್. ಸೆಲ್ಯುಲೋಸ್ ಎಂದರೆ ಸರಪಳಿಯಾಗಿ ಬೆಸೆದುಕೊಂಡ ಗ್ಲೂಕೋಸ್. ಕಿಣ್ವಗಳಿಂದ ಆ ಸರಪಳಿಯನ್ನು ಕಡಿದರೆ ಸಕ್ಕರೆ ನೀರು ಸಿಗುತ್ತದೆ. ಅದನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಬಹುದು.

ನಮ್ಮ ಕರುಳಿನಲ್ಲಿರುವ ಇ. ಕೋಲಿ ಹುಲ್ಲು, ದಂಟು, ಮರದಿಂದ ಬರುವ ಬಗೆಬಗೆಯ ಸಕ್ಕರೆಗಳನ್ನು ತಿನ್ನುತ್ತದೆ. ಎಥೆನಾಲ್ ಕೊಡುವುದು ಮಾತ್ರ ಅಷ್ಟಕ್ಕಷ್ಟೆ. ಸೇಂದಿಯಲ್ಲಿ ಬೆಳೆಯುವ ಜೈಮೊಮೊನಾಸ್ ಎಥೆನಾಲ್ ಧಾರಾಳವಾಗಿ ಕೊಡುತ್ತದೆ. ತಿನ್ನುವುದು ಕೆಲವೇ ಸಕ್ಕರೆಗಳನ್ನು. 1987ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲಾನಿ ಇಂಗ್ರಾಮ್ ತಂಡ ಎರಡನೆಯದರ ಎರಡು ಜೀನ್‌ಗಳನ್ನು ಮೊದಲನೆಯದರೊಳಗೆ ಸೇರಿಸಿತು. 1991ರಲ್ಲಿ ಈ ಕೆಲಸಕ್ಕೆ ಸಿಕ್ಕ ಅಮೆರಿಕದ ಪೇಟೆಂಟಿನ ಸಂಖ್ಯೆ ಸರಿಯಾಗಿ 50 ಲಕ್ಷ.

ಎಥೆನಾಲ್ ಒಂದೇ ಅಲ್ಲ. 2006ರಲ್ಲಿ ಟೆನೆಸಿಯ ಲೌಡನ್‌ನಲ್ಲಿ ಶುರುವಾದ ಕಾರ್ಖಾನೆ ಮಾರ್ಪಡಿಸಿದ ಇ. ಕೋಲಿಗೆ ಮೆಕ್ಕೆಜೋಳದ ಸಕ್ಕರೆ ಉಣಿಸಿ ಪ್ರೊಪೇನ್‌ಡಯಾಲ್ ತಯಾರಿಸಿತು. ಅದರಿಂದ ಜಮಖಾನೆಗೂ ಬಟ್ಟೆಗೂ ಬೇಕಾದ ನೂಲು ಬಂತು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಧಾರಾವಿಯಿಂದ ನಡೆದೇ ಹೋಗಬಹುದಾದ ಮಾಟುಂಗಾದ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯಲ್ಲಿ ಇಂಧನ ಜೀವವಿಜ್ಞಾನಕ್ಕೆಂದೇ ಒಂದು ಕೇಂದ್ರವಿದೆ. ಅಲ್ಲಿ ರೂಪುಗೊಂಡ ತಂತ್ರಜ್ಞಾನದಿಂದ 2016ರಲ್ಲಿ ಉತ್ತರಾಖಂಡದ ಕಾಶಿಪುರದಲ್ಲಿ ದಿನಕ್ಕೆ 10 ಟನ್ ಕೃಷಿ ತ್ಯಾಜ್ಯದಿಂದ ಎಥೆನಾಲ್ ತೆಗೆಯುವ ಪ್ರಾಯೋಗಿಕ ಘಟಕ ಶುರುವಾಯಿತು.

ಮಗಳು ಇದನ್ನೆಲ್ಲ ಹೇಳುತ್ತಿದ್ದಾಗ ತಾಯಿ ನಡುವೆ ಬಾಯಿ ಹಾಕಿದಳು. “ಇದ್ರಾಗ ಪಾಲಿಸ್ಟರ್ ಬೆರೆತಿದ್ರ ನಿನ್ನ ಹುಳಾ ತಿಂತಾವೇನು?”

“ಇಲ್ಲ. ಅದನ್ನ ಬ್ಯಾರೆ ಮಾಡಬೇಕು.”

ತಾಯಿ ಎರಡು ಚೂರು ಎತ್ತಿಕೊಂಡು ಕಡ್ಡಿ ಗೀರಿದಳು. ಒಂದು ಕಾಗದದ ವಾಸನೆ ಬೀರುತ್ತ ಉರಿದು ಬೂದಿಯಾಯಿತು. ಇನ್ನೊಂದು ಕರಗಿ, ಮುದುಡಿ, ಗಟ್ಟಿ ಗುಂಡಾಯಿತು. ಅವಳಿಗೆ ಬೆಂಕಿಯೂ ಬೇಕಿರಲಿಲ್ಲ. ಬೆರಳಿಗೆ ತಾಗಿದರೆ ಸಾಕು, ಗೊತ್ತಾಗುತ್ತದೆ. ಈಗಿನ ಚಿಂದಿಯಲ್ಲಿ ಬೆರಕೆಯೇ ಜಾಸ್ತಿ. ಬ್ಯಾಕ್ಟೀರಿಯಾದ ಜೀನ್ ತಿದ್ದಿದವರು ಕೊನೆಗೆ ಬಂದು ನಿಲ್ಲಬೇಕಾದದ್ದು ಈ ಬೆರಳುಗಳ ಮುಂದೆಯೇ.

“ಹಂಗಾದ್ರ ಆರಿಸಾಕ ನಾ ಬೇಕು,” ಎಂದಳು ತಾಯಿ. “ಕೂಲಿ ಎಷ್ಟು ಕೊಡ್ತಾರಂತ?”

ಮಗಳ ಪುಸ್ತಕದಲ್ಲಿ ಅದು ಇರಲಿಲ್ಲ. ಅವಳು ಎದ್ದು ಕಿಟಕಿ ಮುಚ್ಚಿದಳು. ಹೊರಗೆ ಭಟ್ಟಿಗೆ ಇನ್ನೊಂದು ಮೂಟೆ ಬಿತ್ತು.