ಕಾಲಡಿಯ ಹಳದಿ ದಾರಿ

ಮಕ್ಕಳೇ, ಬೆಂಗಳೂರಿನ ಮೆಟ್ರೊ ನಿಲ್ದಾಣದಲ್ಲಿ ನೆಲ ನೋಡಿದ್ದೀರಾ? ಅಲ್ಲಿ ಹಳದಿ ಬಿಲ್ಲೆಗಳ ಸಾಲೊಂದಿದೆ. ಉದ್ದ ಗೀರುಗಳಿದ್ದರೆ ‘ಮುಂದೆ ನಡಿ’, ಗುಂಡು ಉಬ್ಬುಗಳಿದ್ದರೆ ‘ನಿಲ್ಲು, ಎಚ್ಚರ’ ಎಂದರ್ಥ. ಕಣ್ಣು ಕಾಣದವರು ಇದನ್ನು ಬಿಳಿ ಕೋಲಿನಿಂದ, ಅಂಗಾಲಿನಿಂದ ಓದುತ್ತಾರೆ. ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದ ಈ ಬಿಲ್ಲೆಗಳನ್ನು ಮೊದಲು ಹಾಸಿದ್ದು 1967ರಲ್ಲಿ, ಒಕಾಯಾಮಾ ನಗರದ ಅಂಧರ ಶಾಲೆಯೊಂದರ ಹತ್ತಿರ.

ಮೊನ್ನೆ ಮೊಮ್ಮಗಳು ಕಣ್ಣು ಮುಚ್ಚಿ, ನನ್ನ ಕೈ ಹಿಡಿದು ಆ ಸಾಲಿನ ಮೇಲೆಯೇ ನಡೆದಳು. “ತಾತ, ಉಬ್ಬು ಬಂತು!” ಎಂದು ನಿಂತಳು. ಎದುರಿಗೆ ಲಿಫ್ಟು. (ಮಂಡಿನೋವಿನ ನನಗೂ ಅದೇ ಗತಿ.) ಹೊರಗಿನ ಫುಟ್‌ಪಾತಿನಲ್ಲೂ ಹಳದಿ ಸಾಲು ಸಿಕ್ಕಿತು, ಅದರ ಮೇಲೆ ಮೂರು ಸ್ಕೂಟರು ನಿಂತಿದ್ದವು. ಅವಳು ಕಣ್ಣು ತೆರೆದಳು. ಇಬ್ಬರೂ ರಸ್ತೆಗಿಳಿದು, ಬಸ್ಸುಗಳ ಪಕ್ಕದಲ್ಲೇ ಬಳಸಿ ನಡೆದೆವು.