ಕೋಬರ್ಗಿನ ಇಟ್ಟಿಗೆಯ ಮನೆ

ಕೆನಡಾ ದೇಶಕ್ಕೆ ಹೋದವರು ನಯಾಗರಾ ಜಲಪಾತವನ್ನು ನೋಡದೆ ಹಿಂದಿರುಗುವುದಿಲ್ಲ. ನಾವೂ ಆ ಮಹಾಪ್ರವಾಹದ ಮುಂದೆ ನಿಂತು ತುಂತುರಿನಲ್ಲಿ ನೆನೆದು, ಟೊರೊಂಟೋ ನಗರದ ಗಗನಚುಂಬಿ ಸೌಧಗಳನ್ನು ಕತ್ತು ನೋಯುವಷ್ಟು ನೋಡಿದೆವು. ಆದರೆ ಆ ದೇಶದಿಂದ ಮರಳಿದ ಮೇಲೆ ನಮ್ಮ ಮನಸ್ಸು ಪದೇ ಪದೇ ಹೋಗಿ ನಿಲ್ಲುವುದು ಜಲಪಾತದ ಬಳಿಯಲ್ಲೂ ಅಲ್ಲ, ಸೌಧಗಳ ಬಳಿಯಲ್ಲೂ ಅಲ್ಲ. ಒಂಟೇರಿಯೋ ಸರೋವರದ ತೀರದ ಒಂದು ಸಣ್ಣ ಊರಿನಲ್ಲಿ, ಬೀದಿಯ ಪಕ್ಕದಲ್ಲಿರುವ ಒಂದು ಇಟ್ಟಿಗೆಯ ಮನೆಯ ಮುಂದೆ. ಊರಿನ ಹೆಸರು ಕೋಬರ್ಗ್. ಆ ಮನೆಯಲ್ಲಿ ಹುಟ್ಟಿದವಳು ಮೇರಿ ಡ್ರೆಸ್ಲರ್ ಎಂಬ ನಟಿ.

ಈ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಲಾರರು. ಆಕೆಯ ಕಾಲದಲ್ಲಿ ಆಕೆಯನ್ನು ಅರಿಯದ ಮನೆ ಅಮೆರಿಕದಲ್ಲಿ ವಿರಳವಾಗಿತ್ತು. ಚಿತ್ರನಟಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಯೌವನ, ಲಾವಣ್ಯ, ತೆಳುವಾದ ಮೈಕಟ್ಟು. ಈಕೆಗೆ ಇವು ಯಾವುವೂ ಇರಲಿಲ್ಲ. ಸ್ಥೂಲವಾದ ಶರೀರ, ಅಗಲವಾದ ಮುಖ, ಜೋತುಬಿದ್ದ ಗಲ್ಲ. ಲೋಕವು ಆಕೆಯನ್ನು ಅತ್ಯುತ್ತಮ ನಟಿಯೆಂದು ಒಪ್ಪಿದಾಗ ಆಕೆಗೆ ಅರುವತ್ತು ಕಳೆದಿತ್ತು. ಇದು ಹೇಗಾಯಿತೆಂಬ ಕುತೂಹಲವೇ ನಮ್ಮನ್ನು ಕೋಬರ್ಗಿಗೆ ಎಳೆಯಿತು.

ಟೊರೊಂಟೋವಿನ ಯೂನಿಯನ್ ನಿಲ್ದಾಣದಲ್ಲಿ ಬೆಳಿಗ್ಗೆ ರೈಲನ್ನು ಹತ್ತಿದೆವು. ನಮ್ಮೊಡನೆ ಅತ್ತಿಗೆಯವರೂ ಬಂದಿದ್ದರು. ಕೋಬರ್ಗ್ ಅಲ್ಲಿಂದ ಪೂರ್ವಕ್ಕೆ ಸುಮಾರು 110 ಕಿಲೋಮೀಟರು. ಒಂದು ಗಂಟೆಗೆ ತುಸು ಮೇಲ್ಪಟ್ಟ ಪ್ರಯಾಣ. ನಗರದ ಹೊರವಲಯ ಕಳೆದ ಮೇಲೆ ಬಲಗಡೆಯಲ್ಲಿ ಸರೋವರವು ಆಗಾಗ ಮರಗಳ ಸಂದಿನಲ್ಲಿ ಹೊಳೆದು ಮರೆಯಾಗುವುದು. ಸರೋವರವೆಂದರೆ ನಮ್ಮ ಊರ ಕೆರೆಯನ್ನು ನೆನೆಯಬಾರದು. ಸುಮಾರು 19,000 ಚದರ ಕಿಲೋಮೀಟರು ಹರಡಿರುವ ಈ ಜಲರಾಶಿಗೆ ಆಚೆಯ ದಡವೇ ಕಾಣಿಸದು; ತೆರೆಗಳೆದ್ದು ಮರಳಿಗೆ ಬಡಿಯುವುವು. ನೀರನ್ನು ಬಾಯಿಗಿಟ್ಟು ನೋಡಿದರೆ ಮಾತ್ರ ಉಪ್ಪಿಲ್ಲ.

ಕೋಬರ್ಗಿನ ನಿಲ್ದಾಣವು ಊರಿಗೆ ಉತ್ತರದಲ್ಲಿದೆ. ಅಲ್ಲಿಂದ ಇಳಿಜಾರಾಗಿ ಸರೋವರದ ಕಡೆಗೆ ನಡೆದರೆ ಕಿಂಗ್ ಬೀದಿ ಸಿಕ್ಕುವುದು. ಆ ಬೀದಿಯಲ್ಲಿ ಮೊದಲು ಕಣ್ಸೆಳೆಯುವುದು ವಿಕ್ಟೋರಿಯಾ ಹಾಲ್ ಎಂಬ ಭವ್ಯವಾದ ಕಲ್ಲಿನ ಕಟ್ಟಡ. 1860ರಲ್ಲಿ ವಿಕ್ಟೋರಿಯಾ ರಾಣಿಯ ಮಗನೂ ಮುಂದೆ ಏಳನೆಯ ಎಡ್ವರ್ಡ್ ಎನಿಸಿದವನೂ ಆದ ಯುವರಾಜನು ಇದನ್ನು ತೆರೆದನು. ಸಣ್ಣ ಊರಿಗೆ ಇಷ್ಟು ದೊಡ್ಡ ಕಟ್ಟಡವೇಕೆಂದು ನಮಗೆ ಆಶ್ಚರ್ಯವಾಯಿತು. ಆಗ ಆ ಊರಿನವರು ತಮ್ಮದು ಮಹಾನಗರವಾಗುವುದೆಂದು ನಂಬಿದ್ದರಂತೆ. ಹತ್ತಿರದ ರೈಸ್ ಸರೋವರದ ಮೇಲೆ ಸೇತುವೆ ಕಟ್ಟಿ ರೈಲು ಹಾಕಿದರು. ಚಳಿಗಾಲದ ಮಂಜುಗಡ್ಡೆ ಆ ಸೇತುವೆಯನ್ನು ನುಗ್ಗುಮಾಡಿತು. ಸಾಲ ಮಾತ್ರ ಉಳಿಯಿತು. ಮಹಾನಗರವಾಗುವ ಕನಸು ಕರಗಿ, ಕೋಬರ್ಗ್ ತನ್ನ ಪಾಡಿಗೆ ತಾನು ಚೊಕ್ಕಟವಾದ ಸಣ್ಣ ಊರಾಗಿಯೇ ನಿಂತಿತು.

ಅದೇ ಬೀದಿಯಲ್ಲಿ ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ 212ನೆಯ ಸಂಖ್ಯೆಯ ಮನೆ. ನಾವು ಎಣಿಸಿದ್ದುದಕ್ಕಿಂತ ಅದು ಸಣ್ಣದು. ಮಾಳಿಗೆಯ ಆಡಂಬರವಿಲ್ಲದ ಇಟ್ಟಿಗೆಯ ಮನೆ. 1868ನೆಯ ಇಸವಿ ನವೆಂಬರು 9ರಂದು ಈ ಮನೆಯಲ್ಲಿ ಲೈಲಾ ಮೇರಿ ಕೋರ್ಬರ್ ಹುಟ್ಟಿದಳು. ತಂದೆ ಜರ್ಮನಿಯಿಂದ ಬಂದ ಸಂಗೀತದ ಅಧ್ಯಾಪಕ, ಮುಂಗೋಪಿ. ಒಂದು ಊರಿನಲ್ಲಿ ನೆಲೆನಿಲ್ಲಲಾರದೆ ಸಂಸಾರವನ್ನು ಊರಿಂದೂರಿಗೆ ಕರೆದೊಯ್ದವನು. ತಾಯಿ ತಾಳ್ಮೆಯ ಹೆಂಗಸು. ಸಿಕ್ಕುವ ಅಲ್ಪಸಂಪಾದನೆಯಲ್ಲಿ ಮನೆಯನ್ನು ತೂಗಿಸಿಕೊಂಡು ಹೋದವಳು. ದಪ್ಪನಾದ, ಒಡ್ಡೊಡ್ಡಾದ ಈ ಹುಡುಗಿಯನ್ನು ನೋಡಿ ಜನ ನಗುತ್ತಿದ್ದರು. ನಗುವವರನ್ನು ಕಂಡು ಅಳುವುದಕ್ಕಿಂತ, ತಾನೇ ಮುಂದಾಗಿ ಅವರನ್ನು ನಗಿಸುವುದು ಮೇಲೆಂದು ಆಕೆ ಎಳೆವಯಸ್ಸಿನಲ್ಲೇ ಕಂಡುಕೊಂಡಳು. ಮುಂದೆ 1924ರಲ್ಲಿ ಬರೆದ ಆತ್ಮಕಥೆಗೆ ಕುರೂಪಿ ಬಾತುಮರಿಯ ಕಥೆಯೆಂಬ ಅರ್ಥದ ಹೆಸರನ್ನು ಇಟ್ಟವಳೂ ಆಕೆಯೇ.

ಹದಿನಾಲ್ಕರ ಸುಮಾರಿನಲ್ಲಿ ಆಕೆ ಮನೆಬಿಟ್ಟು ಒಂದು ಸಂಚಾರೀ ನಾಟಕ ಮಂಡಲಿಯನ್ನು ಸೇರಿದಳು. ನಾಟಕದವರ ಪಟ್ಟಿಯಲ್ಲಿ ತನ್ನ ಮನೆತನದ ಹೆಸರು ಬರಕೂಡದೆಂದು ತಂದೆ ಹಟ ಹಿಡಿದುದರಿಂದ, ಚಿಕ್ಕಮ್ಮನೊಬ್ಬಳ ಹೆಸರನ್ನು ಎರವಲು ಪಡೆದು ಮೇರಿ ಡ್ರೆಸ್ಲರ್ ಆದಳು. ವಾರಕ್ಕೆ ಎಂಟು ಡಾಲರು ಸಂಬಳ. ಅದರಲ್ಲಿ ಅರ್ಧ ತಾಯಿಗೆ ಹೋಗುತ್ತಿತ್ತು. 1892ರಲ್ಲಿ ನ್ಯೂಯಾರ್ಕಿನ ರಂಗಭೂಮಿಯನ್ನು ಏರಿದಳು. ಮರುವರ್ಷವೇ ಆ ಕಾಲದ ರೂಪರಾಣಿಯೆನಿಸಿದ ಲಿಲಿಯನ್ ರಸೆಲ್ಲಳೊಡನೆ ಒಂದೇ ನಾಟಕದಲ್ಲಿ ಅಭಿನಯಿಸಿದಳು. ಇವಳ ರೂಪವನ್ನು ನೋಡಿ ಜನ ನಿಟ್ಟುಸಿರಿಟ್ಟರು. ಅವಳ ಮಾತನ್ನು ಕೇಳಿ ಹೊಟ್ಟೆಹುಣ್ಣಾಗುವಂತೆ ನಕ್ಕರು. ಇಬ್ಬರೂ ಗೆಳತಿಯರಾದರು. 1896ರಲ್ಲಿ ಒಂದು ಹಾಸ್ಯನಾಟಕವೂ 1910ರಲ್ಲಿ ಇನ್ನೊಂದೂ ಆಕೆಗೆ ಕೀರ್ತಿಯನ್ನು ತಂದವು. ಈ ಎರಡನೆಯ ನಾಟಕದ ಟಿಲ್ಲಿ ಎಂಬ ಪಾತ್ರವನ್ನೇ ಹಿಡಿದು 1914ರಲ್ಲಿ ಮ್ಯಾಕ್ ಸೆನೆಟ್ ಎಂಬ ನಿರ್ದೇಶಕನು ಮೂಕಚಿತ್ರವೊಂದನ್ನು ತೆಗೆದನು. ಆತನೂ ಕೆನಡಾದವನೇ. ಅದರಲ್ಲಿ ಆಕೆಗೆ ಜೊತೆಯಾಗಿದ್ದ ಇಪ್ಪತ್ತೈದರ ಯುವಕನೇ ಚಾರ್ಲಿ ಚಾಪ್ಲಿನ್.

ಇಲ್ಲಿಗೆ ಕಥೆ ಮುಗಿದಿದ್ದರೆ, ಅದು ಅನೇಕ ನಟರ ಕಥೆಯಂತೆಯೇ ಇರುತ್ತಿತ್ತು. 1919ರಲ್ಲಿ ನ್ಯೂಯಾರ್ಕಿನ ನಟನಟಿಯರು ನ್ಯಾಯವಾದ ಒಪ್ಪಂದಕ್ಕಾಗಿ ಮುಷ್ಕರ ಹೂಡಿದರು. ಮೇಳದಲ್ಲಿ ಕುಣಿದು ಹಾಡುವ ಹುಡುಗಿಯರ ಪಾಡು ಎಲ್ಲರಿಗಿಂತ ಕಷ್ಟದ್ದು. ಎಂಟು ಡಾಲರಿನ ದಿನಗಳನ್ನು ಮರೆಯದಿದ್ದ ಡ್ರೆಸ್ಲರಳು ಅವರ ಸಂಘಕ್ಕೆ ಅಧ್ಯಕ್ಷಿಣಿಯಾಗಿ ನಿಂತಳು. ತಿಂಗಳೊಪ್ಪತ್ತಿನಲ್ಲಿ ನಟರಿಗೆ ಜಯವಾಯಿತು. ಆದರೆ ಆ ಬಳಿಕ ಆಕೆಗೆ ಕೆಲಸ ಸಿಕ್ಕುವುದು ದುರ್ಲಭವಾಯಿತು. ವಯಸ್ಸು ಐವತ್ತು ದಾಟಿತ್ತು, ಹಾಸ್ಯದ ರೀತಿ ಬದಲಾಗಿತ್ತು, ಹೊಸಬರು ಬಂದಿದ್ದರು. ನಿನ್ನೆಯವರೆಗೆ ಬಾಗಿಲಲ್ಲಿ ಕಾದಿದ್ದವರು ಇಂದು ಗುರುತು ಹಿಡಿಯದಂತಾದರು. ಪ್ಯಾರಿಸ್ಸಿಗೆ ಹೋಗಿ ಒಂದು ಸಣ್ಣ ಹೋಟೆಲು ನಡೆಸಿ ಹೊಟ್ಟೆ ಹೊರೆಯೋಣವೇ ಎಂದು ಕೂಡ ಆಕೆ ಯೋಚಿಸಿದಳು.

ಆ ಹೊತ್ತಿನಲ್ಲಿ ಆಕೆಯನ್ನು ಕಾಪಾಡಿದುದು ಹಿಂದೆಂದೋ ಬಿತ್ತಿ ಮರೆತಿದ್ದ ಒಂದು ಕಾಳು. 1911ರ ಸುಮಾರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಫ್ರಾನ್ಸಿಸ್ ಮೇರಿಯನ್ ಎಂಬ ತರುಣಿ ಪತ್ರಿಕೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಪ್ರಸಿದ್ಧ ನಟಿ ಡ್ರೆಸ್ಲರಳನ್ನು ಕಂಡು ಬರೆದು ತರಬೇಕೆಂದು ಆಕೆಗೆ ಆಜ್ಞೆಯಾಗಿತ್ತು. ಆ ಪತ್ರಿಕೆಯ ಮೇಲೆ ಡ್ರೆಸ್ಲರಳಿಗೆ ಅಸಮಾಧಾನವಿದ್ದರೂ, ಬರಿಗೈಯಲ್ಲಿ ಹೋದರೆ ಹುಡುಗಿಯ ಕೆಲಸಕ್ಕೆ ಕುತ್ತೆಂದು ಅರಿತು ಒಳಗೆ ಕರೆದು ಮಾತನಾಡಿಸಿದಳು. ಹದಿನಾರು ವರ್ಷ ಕಳೆದ ಮೇಲೆ ಅದೇ ಹುಡುಗಿ ಹಾಲಿವುಡ್ಡಿನಲ್ಲಿ ಹೆಸರಾಂತ ಚಿತ್ರಕಥೆಗಾರ್ತಿಯಾಗಿದ್ದಳು. ಡ್ರೆಸ್ಲರಳ ದುಃಸ್ಥಿತಿ ಕಿವಿಗೆ ಬಿದ್ದೊಡನೆ ಆಕೆಗಾಗಿಯೇ ಒಂದು ಪಾತ್ರವನ್ನು ಬರೆದಳು. 1927ರ ಆ ಚಿತ್ರದ ಮೇಲೆ ಐರಿಷ್ ಜನರು ಸಿಟ್ಟಾದುದರಿಂದ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ಆದರೂ ಮೇರಿಯನ್ ಕೈಬಿಡಲಿಲ್ಲ. 1930ರಲ್ಲಿ ಗ್ರೇಟಾ ಗಾರ್ಬೋ ಮೊದಲಬಾರಿಗೆ ಮಾತನಾಡಿದ ‘ಅನ್ನಾ ಕ್ರಿಸ್ಟಿ’ ಎಂಬ ವಾಕ್ಚಿತ್ರದಲ್ಲಿ, ಹಡಗುಕಟ್ಟೆಯ ಕುಡುಕ ಮುದುಕಿಯ ಪಾತ್ರವನ್ನು ಡ್ರೆಸ್ಲರಳಿಗೆ ಕೊಡಿಸಿದಳು. ಗಾರ್ಬೋವಿನ ದನಿಯನ್ನು ಕೇಳಲು ಬಂದವರು ಆ ಮುದುಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋದರು.

ಅದೇ ವರ್ಷ ‘ಮಿನ್ ಅಂಡ್ ಬಿಲ್’ ಬಂದಿತು. ಮಿನ್ ಎಂಬುವಳು ರೇವಿನಲ್ಲಿ ಬೆಸ್ತರಿಗೂ ನಾವಿಕರಿಗೂ ವಸತಿಗೃಹ ನಡೆಸುವ ಒರಟು ಹೆಂಗಸು. ಹೆತ್ತ ತಾಯಿ ಬಿಟ್ಟುಹೋದ ಹೆಣ್ಣುಮಗುವನ್ನು ತನ್ನದೆಂದು ಸಾಕುವಳು. ಮಗಳು ಒಳ್ಳೆಯ ಮನೆಯನ್ನು ಸೇರಲೆಂದು, ಅವಳು ತನ್ನನ್ನು ದ್ವೇಷಿಸಿದರೂ ಸರಿಯೆಂದು, ಗದರಿಸಿ ದೂರ ಕಳುಹುವಳು. ಮಗಳ ಮದುವೆಯ ದಿನ ಕೆಟ್ಟ ತಾಯಿ ಬಂದು ಎಲ್ಲವನ್ನೂ ಹಾಳುಮಾಡಲೆಳಸಿದಾಗ ಮಿನ್ ಅವಳನ್ನು ಕೊಲ್ಲುವಳು. ಪೊಲೀಸರು ಹಿಡಿದೊಯ್ಯುತ್ತಿರುವಾಗ, ಮಗಳನ್ನು ಹೊತ್ತ ಹಡಗು ದೂರ ಸರಿಯುವುದನ್ನು ನೋಡುತ್ತ ಆ ಅಗಲವಾದ ಮುಖದಲ್ಲಿ ಮೂಡುವ ಸಂತೋಷವನ್ನು ನಾವು ಬಣ್ಣಿಸಲಾರೆವು. ನಗಿಸುವುದಕ್ಕೆಂದೇ ಇದ್ದ ಮುಖವು ಅಳಿಸಬಲ್ಲುದೆಂದು ಜಗತ್ತು ಆಗ ಅರಿಯಿತು.

1931ನೆಯ ನವೆಂಬರು 10ರಂದು, ಅಂದರೆ ಆಕೆಗೆ ಅರುವತ್ತಮೂರು ತುಂಬಿದ ಮರುದಿನ, ಈ ಪಾತ್ರಕ್ಕಾಗಿ ಅಕಾಡೆಮಿಯವರು ಆಕೆಗೆ ಶ್ರೇಷ್ಠ ನಟಿಯ ಬಹುಮಾನವನ್ನಿತ್ತರು. ಆ ಸಮಾರಂಭದ ಒಂದು ಸಂಗತಿ ನಮಗೆ ಬಲು ಮೆಚ್ಚಾಯಿತು. ಅಂದು ಬಹುಮಾನದ ಸ್ಪರ್ಧೆಯಲ್ಲಿದ್ದವರಲ್ಲಿ ಜಾಕಿ ಕೂಪರ್ ಎಂಬ ಒಂಬತ್ತು ವರ್ಷದ ಹುಡುಗನೂ ಒಬ್ಬನು. ಭಾಷಣಗಳು ಬೆಳೆದು ರಾತ್ರಿ ಹೊತ್ತಾಗಲು ಹುಡುಗನು ಪಕ್ಕದಲ್ಲಿದ್ದ ಡ್ರೆಸ್ಲರಳಿಗೆ ಒರಗಿ ನಿದ್ದೆಹೋದನು. ತನ್ನ ಹೆಸರನ್ನು ಕೂಗಿದಾಗ ಆಕೆ ಮೊದಲು ಮಗುವನ್ನು ಮೆಲ್ಲನೆ ಅವನ ತಾಯಿಯ ಕಡೆಗೆ ಸರಿಸಿ, ಆಮೇಲೆ ಎದ್ದು ಬಹುಮಾನಕ್ಕೆ ಹೋಗಬೇಕಾಯಿತು. ಬಹುಮಾನವನ್ನು ಕೊಟ್ಟ ನಾರ್ಮಾ ಶಿಯರರಳು ಮಾಂಟ್ರಿಯಾಲಿನವಳು. ಹಿಂದಿನ ಸಲ ಅದನ್ನು ಪಡೆದವಳು. ಅದಕ್ಕೂ ಹಿಂದಿನ ಸಲ ಪಡೆದ ಮೇರಿ ಪಿಕ್‌ಫರ್ಡಳು ಟೊರೊಂಟೋವಿನವಳು. ಹೀಗೆ ಒಂದರ ಹಿಂದೊಂದರಂತೆ ಮೂರು ಸಲ ಶ್ರೇಷ್ಠ ನಟಿಯ ಪಟ್ಟವು ಕೆನಡಾದ ಹೆಣ್ಣುಮಕ್ಕಳಿಗೇ ಸಂದಿತು.

1932ರ ‘ಎಮ್ಮಾ’ ಚಿತ್ರದಲ್ಲಿ ಆಕೆ ತಾಯಿಯಿಲ್ಲದ ಮಕ್ಕಳನ್ನು ಸಾಕುವ ಮನೆಗೆಲಸದವಳಾದಳು. 1933ರ ‘ಟಗ್‌ಬೋಟ್ ಆ್ಯನಿ’ಯಲ್ಲಿ ಕುಡುಕ ಗಂಡನನ್ನು ಸಂಭಾಳಿಸಿಕೊಂಡು ಎಳೆದೋಣಿ ನಡೆಸುವ ಗಟ್ಟಿಗಿತ್ತಿಯಾದಳು. ಅದು ಅಮೆರಿಕದಲ್ಲಿ ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸ ಕಳೆದುಕೊಂಡವರು, ಮನೆ ಕಳೆದುಕೊಂಡವರು, ಸೋತು ಸುಣ್ಣವಾದವರು ಲಕ್ಷಗಟ್ಟಲೆ. ಅಂತಹವರಿಗೆ ಸುಂದರಿಯರ ವಿಲಾಸಕ್ಕಿಂತ, ಬಿದ್ದು ಎದ್ದ ಈ ಮುದುಕಿಯ ಮುಖವೇ ಹೆಚ್ಚು ಆಪ್ತವಾಯಿತು. 1932 ಮತ್ತು 1933ರಲ್ಲಿ ಚಿತ್ರಮಂದಿರದವರ ಲೆಕ್ಕದಂತೆ ಅತಿ ಹೆಚ್ಚು ಜನರನ್ನು ಸೆಳೆದ ತಾರೆ ಮೇರಿ ಡ್ರೆಸ್ಲರ್.

ಆದರೆ ಆ ಹೊತ್ತಿಗೆ ಅರ್ಬುದರೋಗವು ಆಕೆಯ ದೇಹವನ್ನು ಹೊಕ್ಕಿತ್ತು. ಚಿತ್ರಸಂಸ್ಥೆಯ ಯಜಮಾನ ಲೂಯಿ ಮೇಯರನಿಗೆ ಅದು ಆಕೆಗಿಂತ ಮೊದಲೇ ತಿಳಿದಿತ್ತು. ಧೈರ್ಯಗುಂದೀತೆಂದು ಆತನು ಮುಚ್ಚಿಟ್ಟಿದ್ದನು. ದಿನಕ್ಕೆ ಕೆಲವೇ ಗಂಟೆ ಕೆಲಸಮಾಡುತ್ತ ಆಕೆ ಕೊನೆಯ ಚಿತ್ರಗಳನ್ನು ಮುಗಿಸಿದಳು. ಪರದೆಯ ಮೇಲೆ ನೋಡಿದವರಿಗೆ ಆ ನೋವಿನ ಸುಳಿವೂ ಸಿಕ್ಕದು. 1934ರ ಜುಲೈ 28ರಂದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಆಕೆ ತೀರಿಕೊಂಡಳು. ಮರಣಪತ್ರವನ್ನು ತೆರೆದಾಗ, ಬಹುಕಾಲ ತನ್ನ ಸೇವೆಮಾಡಿದ ಮನೆಗೆಲಸದ ದಂಪತಿಗಳಿಗೆ ಒಟ್ಟು 50,000 ಡಾಲರುಗಳನ್ನು ಬಿಟ್ಟಿದ್ದುದು ಕಂಡುಬಂದಿತು. ಪರದೆಯ ಮೇಲಿನ ಎಮ್ಮಾ ಪರದೆಯ ಹೊರಗೂ ಉಂಟೆಂದು ಇದರಿಂದ ತಿಳಿಯಬೇಕು.

ಕೋಬರ್ಗಿನ ಮನೆಗೂ ಕಷ್ಟ ತಪ್ಪಲಿಲ್ಲ. 1989ರಲ್ಲಿ ಅದಕ್ಕೆ ಬೆಂಕಿ ಬಿದ್ದು ಬಹುಭಾಗ ಹಾಳಾಯಿತು. ಊರಿನವರು ಅದನ್ನು ಕೆಡವಲು ಬಿಡದೆ ಮತ್ತೆ ಕಟ್ಟಿ ನಿಲ್ಲಿಸಿದರು. 2008ರಲ್ಲಿ ಕೆನಡಾ ಸರ್ಕಾರದ ಅಂಚೆಯವರು ಆಕೆಯ ಮುಖವನ್ನು ಅಂಚೆಚೀಟಿಯ ಮೇಲೆ ಅಚ್ಚುಹಾಕಿದರು. ನಾವು ಹೋದಾಗ ಒಳಗೆ ಗೋಡೆಯ ಮೇಲೆಲ್ಲ ಹಳೆಯ ಚಿತ್ರಗಳು, ಪ್ರಕಟನಾಪತ್ರಗಳು. ನಮ್ಮ ಅತ್ತಿಗೆಯವರು ಒಂದು ಭಾವಚಿತ್ರದ ಮುಂದೆ ಬಹಳ ಹೊತ್ತು ನಿಂತರು.

“ಏನು ನೋಡುತ್ತಿದ್ದೀರಿ, ಅತ್ತಿಗೆ?” ಎಂದೆವು.

“ಈ ಮುಖವನ್ನು ಎಲ್ಲೋ ನೋಡಿದ ಹಾಗಿದೆಯಪ್ಪ. ನಮ್ಮ ದೊಡ್ಡಮ್ಮನ ಹಾಗೆ ಇಲ್ಲವೆ? ಅವಳೂ ಹೀಗೆಯೇ, ಸೊಂಟದ ಮೇಲೆ ಕೈಯಿಟ್ಟು ಎಲ್ಲರನ್ನೂ ಗದರಿಸಿ, ಆಮೇಲೆ ಎಲ್ಲರಿಗೂ ಬಡಿಸುತ್ತಿದ್ದಳು” ಎಂದರು ಅವರು. ಅಮೇಲೆ ಸ್ವಲ್ಪ ತಡೆದು, “ಅರುವತ್ತಾದ ಮೇಲೆ ನಮ್ಮದೇನಿದೆ ಎಂದು ನಾನೂ ಅನ್ನುತ್ತಿದ್ದೆ. ಇನ್ನು ಅನ್ನಬಾರದು” ಎಂದು ನಕ್ಕರು.

ಆಕೆಯ ಯಶಸ್ಸಿನ ಗುಟ್ಟನ್ನು ನಾವು ಪುಸ್ತಕಗಳಲ್ಲಿ ಹುಡುಕಿದ್ದೆವು. ಅತ್ತಿಗೆಯವರು ಒಂದು ಮಾತಿನಲ್ಲಿ ಹೇಳಿಬಿಟ್ಟರು. ಪ್ರತಿಯೊಂದು ಮನೆಯಲ್ಲೂ ಇರುವ, ಯಾರೂ ನಿಂತು ನೋಡದ ಒಂದು ಮುಖವನ್ನು ಆಕೆ ದೊಡ್ಡ ಪರದೆಯ ಮೇಲೆ ತಂದು, ಎಲ್ಲರೂ ನೋಡುವಂತೆ ಮಾಡಿದಳು.

ಸಂಜೆ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಸರೋವರದ ದಡಕ್ಕೆ ಹೋದೆವು. ಮಕ್ಕಳು ಮರಳಿನಲ್ಲಿ ಆಡುತ್ತಿದ್ದರು. ಅವರ ಅಜ್ಜಿಯರು ಮಡಚುಕುರ್ಚಿಗಳಲ್ಲಿ ಕುಳಿತು ಮಕ್ಕಳ ಮೇಲೆ ಒಂದು ಕಣ್ಣಿಟ್ಟಿದ್ದರು. ಕಟ್ಟೆಯ ತುದಿಯ ದೀಪಸ್ತಂಭದಾಚೆ ನೀರು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಬೆಳಿಗ್ಗೆ ನಮಗೆ ಕಾಣದಿದ್ದ ಆ ಅಜ್ಜಿಯರ ಮುಖಗಳನ್ನು ಈಗ ಒಂದೊಂದಾಗಿ ನೋಡುತ್ತ, ರೈಲಿನ ಹೊತ್ತಾಗುವವರೆಗೆ ನಾವೂ ಅತ್ತಿಗೆಯವರೂ ಅಲ್ಲಿಯೇ ಕುಳಿತಿದ್ದೆವು.